ಖೋ ಖೋ ಆಡುವ ಹುಡುಗಿಗೆ ಕ್ರೀಡಾ ವಿಜ್ಞಾನ ಏಕೆ ಇಲ್ಲ? ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ಮಂಡ್ಯ ಜಿಲ್ಲೆಯ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿಯೊಬ್ಬಳ ನಮಸ್ಕಾರಗಳು.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ರಾಜ್ಯ ಪಠ್ಯಕ್ರಮದ ಪಿಯುಸಿಯಲ್ಲಿ ವ್ಯಾಯಾಮ ಮತ್ತು ಕ್ರೀಡಾ ವಿಜ್ಞಾನವನ್ನು ಐಚ್ಛಿಕ ವಿಷಯವಾಗಿ ತನ್ನಿ. ಅದಕ್ಕೆ ಒಂಬತ್ತು, ಹತ್ತನೇ ತರಗತಿಯಲ್ಲೇ ಬುನಾದಿ ಹಾಕಿ. ಇಡೀ ರಾಜ್ಯಕ್ಕೆ ಒಂದೇ ಏಟಿಗೆ ಬೇಡ, ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಕೆಲವು ಸರ್ಕಾರಿ ಪಿಯು ಕಾಲೇಜುಗಳಲ್ಲಿ ಶುರುವಾಗಲಿ. ಸೇವೆಯಲ್ಲಿದ್ದಾಗ ಇಂಥದ್ದನ್ನೆಲ್ಲ ಹೀಗೆ ಬಹಿರಂಗವಾಗಿ ಬರೆಯಲು ನಡತೆ ನಿಯಮಗಳು ಅಡ್ಡ ಬರುತ್ತಿದ್ದವು. ಈಗ ಆ ಅಂಜಿಕೆ ಇಲ್ಲ. ಪಿಂಚಣಿಯೂ ಮಂಜೂರಾಗಿದೆ.

ನಮ್ಮ ಪಿಯುಸಿಯ ವಿಷಯಗಳ ಪಟ್ಟಿ ಸಣ್ಣದೇನಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ ಹೇಗೂ ಇವೆ. ತರ್ಕಶಾಸ್ತ್ರ ಇದೆ, ಭೂಗರ್ಭಶಾಸ್ತ್ರ ಇದೆ, ಗೃಹವಿಜ್ಞಾನ ಇದೆ, ಕರ್ನಾಟಕ ಸಂಗೀತವೂ ಇದೆ. ಎನ್‌ಎಸ್‌ಕ್ಯೂಎಫ್ ಎಂಬ ವೃತ್ತಿ ಕೌಶಲದ ಯೋಜನೆಯ ಹೆಸರಿನಲ್ಲಿ ಆಟೊಮೊಬೈಲ್, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಕೂಡ ಬಂದು ಸೇರಿವೆ. ಇವು ಯಾವುದರ ಬಗ್ಗೆಯೂ ನನ್ನ ತಕರಾರಿಲ್ಲ, ಎಲ್ಲವೂ ಇರಲಿ. ಆದರೆ ಓಡುವಾಗ ಎದೆ ಏಕೆ ಬಡಿದುಕೊಳ್ಳುತ್ತದೆ, ಮಂಡಿ ಏಕೆ ಉಳುಕುತ್ತದೆ, ದಣಿವು ಎಂದರೇನು ಎಂದು ಕಲಿಸುವ ವಿಷಯಕ್ಕೆ ಮಾತ್ರ ಈ ಪಟ್ಟಿಯಲ್ಲಿ ಜಾಗ ಸಿಕ್ಕಿಲ್ಲ.

ಹಾಗೆಂದು ಇದು ಯಾರೂ ಕೇಳರಿಯದ ಹೊಸ ಶಾಸ್ತ್ರವಲ್ಲ. ಸಿಬಿಎಸ್‌ಇ 11 ಮತ್ತು 12ನೇ ತರಗತಿಗೆ ದೈಹಿಕ ಶಿಕ್ಷಣವನ್ನು ಐಚ್ಛಿಕ ವಿಷಯವಾಗಿ ನಡೆಸುತ್ತಿದೆ. ಅದರಲ್ಲಿ 70 ಅಂಕ ಲಿಖಿತ ಪರೀಕ್ಷೆಗೆ, 30 ಅಂಕ ಪ್ರಾಯೋಗಿಕಕ್ಕೆ. ದೇಹಕ್ರಿಯೆ, ಗಾಯಗಳು, ಮೈಯ ಚಲನೆಯ ಶಾಸ್ತ್ರವಾದ ಬಯೋಮೆಕ್ಯಾನಿಕ್ಸ್, ಆಹಾರ, ಮನಶ್ಶಾಸ್ತ್ರ, ತರಬೇತಿಯ ವಿಧಾನ ಎಲ್ಲಕ್ಕೂ ಅಲ್ಲಿ ಅಧ್ಯಾಯಗಳಿವೆ. ಇಂಗ್ಲೆಂಡಿನಲ್ಲಿ ಹದಿನಾರು ವರ್ಷದ ಮಕ್ಕಳು ನಮ್ಮ ಎಸ್‌ಎಸ್‌ಎಲ್‌ಸಿಯಂಥ ಜಿಸಿಎಸ್‌ಇ ಪರೀಕ್ಷೆಗೆ ಈ ವಿಷಯ ತೆಗೆದುಕೊಂಡರೆ 60 ಶೇಕಡಾ ಬರವಣಿಗೆ, ಉಳಿದ 40ರಲ್ಲಿ ಮೂರು ಆಟಗಳಲ್ಲಿ ತೋರಿಸಿದ ಸಾಮರ್ಥ್ಯ ಮತ್ತು ಒಂದು ವಿಶ್ಲೇಷಣೆ. ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮದಲ್ಲಂತೂ ಅದು ಭೌತಶಾಸ್ತ್ರ, ಜೀವಶಾಸ್ತ್ರಗಳಿರುವ ವಿಜ್ಞಾನದ ಗುಂಪಿನಲ್ಲೇ ಕೂತಿದೆ.

ಇದರ ಪರಿಣಾಮ ಏನು ಗೊತ್ತೆ? ಮೈಸೂರಿನ ರಿಂಗ್ ರಸ್ತೆಯ ಆಸುಪಾಸಿನ ಸಿಬಿಎಸ್‌ಇ ಶಾಲೆಯಲ್ಲಿ ಓದುವ ಹುಡುಗ ಬಯಸಿದರೆ, ಅವನ ಶಾಲೆ ಒಪ್ಪಿದರೆ, ಈ ವಿಷಯ ಓದಬಲ್ಲ. ಮಳವಳ್ಳಿಯ, ನಾಗಮಂಗಲದ, ಟಿ. ನರಸೀಪುರದ ಸರ್ಕಾರಿ ಕಾಲೇಜಿನ ಹುಡುಗಿ ಬಯಸಿದರೂ ಓದಲಾರಳು. ದಿನಾ ಸಂಜೆ ಕಬಡ್ಡಿ, ಖೋ ಖೋ ಅಂತ ಮಣ್ಣಿನಲ್ಲಿ ಹೊರಳಾಡುವವರು ಈ ಎರಡನೆಯ ಸಾಲಿನ ಮಕ್ಕಳು. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ವಿಭಾಗ ಮಟ್ಟ ಅಂತ ಕ್ರೀಡಾಕೂಟಗಳ ಏಣಿ ಹತ್ತುವವರೂ ಬಹುಪಾಲು ಇವರೇ. ಆಡುವವರಿಗೆ ಆಟದ ವಿಜ್ಞಾನ ಓದುವ ದಾರಿಯಿಲ್ಲ. ಆ ದಾರಿ ಇರುವ ಕಡೆ ಎಷ್ಟೋ ಮಕ್ಕಳಿಗೆ ಆಡಲು ಪುರಸೊತ್ತಿಲ್ಲ, ನೀಟ್ ಕೋಚಿಂಗ್‌ಗೆ ಹೋಗಬೇಕು. ನನ್ನ ದೂರು ಇಷ್ಟೇ.

ಕುರುಬೂರಿನ ಉದಾಹರಣೆ ತಮಗೆ ಗೊತ್ತೇ ಇರುತ್ತದೆ. ಟಿ. ನರಸೀಪುರ ತಾಲ್ಲೂಕಿನ ಆ ಊರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದರು. ಫೈನಲ್‌ನಲ್ಲಿ ನೇಪಾಳದ ಎದುರು 78–40. ಸುದ್ದಿ ಬಂದ ದಿನ ಹಾರ, ಮೆರವಣಿಗೆ, ಫ್ಲೆಕ್ಸು ಎಲ್ಲ ಆಯಿತು, ಆಗಬೇಕಾದ್ದೇ. ಆದರೆ ಅದೇ ಊರಿನ ಖೋ ಖೋ ಅಂಕಣದಲ್ಲಿ ಇವತ್ತು ಬೆಳಿಗ್ಗೆ ಅಭ್ಯಾಸ ಮಾಡಿ ಕಾಲೇಜಿಗೆ ಹೋಗುವ ಹುಡುಗಿಯ ಪಾಡು ಯೋಚಿಸಿ. ಅವಳಿಗೆ ಜೀವಶಾಸ್ತ್ರ ಇಷ್ಟ ಇರಬಹುದು. ಪ್ರಯೋಗಾಲಯದ ಹೊತ್ತಿಗೂ ಸಂಜೆಯ ಅಭ್ಯಾಸಕ್ಕೂ ತಾಳೆಯಾಗದೆ ಬೇರೆ ವಿಭಾಗ ಸೇರುತ್ತಾಳೆ. ಅಲ್ಲಿಗೆ ವಿಜ್ಞಾನದ ಬಾಗಿಲು ಮುಚ್ಚಿತು. ಫಿಸಿಯೊಥೆರಪಿ ಓದೋಣವೆಂದರೆ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿರಬೇಕು. ಮೈಯನ್ನೇ ಪಣಕ್ಕಿಟ್ಟು ಆಡುವವಳು ಮೈಯ ಬಗ್ಗೆ ಓದುವ ಅವಕಾಶವನ್ನೇ ಕಳೆದುಕೊಳ್ಳುತ್ತಾಳೆ.

ಖೋ ಖೋ ರನ್ನರ್‌ನ ಆಟವನ್ನು ವಿಜ್ಞಾನದ ಕಣ್ಣಿನಿಂದ ಒಮ್ಮೆ ನೋಡಿ. ಕೆಲವು ಸೆಕೆಂಡು ಬಿರುಸಿನ ಓಟ, ತಟ್ಟನೆ ತಿರುವು, ಕಂಬದ ಹತ್ತಿರ ಒಂದು ಹುಸಿ ಹೆಜ್ಜೆ, ಮತ್ತೆ ಓಟ. ಮೊದಲ ಹತ್ತು ಸೆಕೆಂಡಿನ ಬಿರುಸಿಗೆ ಸ್ನಾಯುವಿನಲ್ಲೇ ಕೂಡಿಟ್ಟ ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್ ಎಂಬ ಶಕ್ತಿಯ ರಾಸಾಯನಿಕಗಳೇ ಬಹುಪಾಲು ಸಾಕು, ಆಮ್ಲಜನಕಕ್ಕೆ ಕಾಯಬೇಕಿಲ್ಲ. ಅದು ಮುಗಿದ ಮೇಲೆ ಗ್ಲೂಕೋಸ್ ಒಡೆದು ಶಕ್ತಿ ಬರಬೇಕು, ಜತೆಗೆ ಲ್ಯಾಕ್ಟೇಟ್ ಎಂಬ ಉಪವಸ್ತು ಕೂಡುತ್ತದೆ. ಇನ್ನೂ ಮುಂದೆ ಓಡಬೇಕೆಂದರೆ ಉಸಿರಾಟದ ದಾರಿಯೇ ಗತಿ. ಖಾಲಿಯಾದ ಕ್ರಿಯಾಟಿನ್ ಫಾಸ್ಫೇಟ್ ಅರ್ಧದಷ್ಟು ತುಂಬಲು ಸುಮಾರು ಅರ್ಧ ನಿಮಿಷ, ಹೆಚ್ಚುಕಡಿಮೆ ಪೂರ್ತಿ ತುಂಬಲು ಮೂರರಿಂದ ಐದು ನಿಮಿಷ ಬೇಕು. ಇಷ್ಟು ತಿಳಿದ ಹುಡುಗಿ ತನ್ನ ಅಭ್ಯಾಸದ ನಡುವೆ ಎಷ್ಟು ಬಿಡುವು ಬೇಕೆಂದು ತಾನೇ ಲೆಕ್ಕ ಹಾಕುತ್ತಾಳೆ. ತಿಳಿಯದವಳನ್ನು ನಾವು ಸುಮ್ಮನೆ ಹತ್ತು ಸುತ್ತು ಓಡಿಸುತ್ತೇವೆ. ಎಟಿಪಿಯ ಹೆಸರು ಜೀವಶಾಸ್ತ್ರದ ಪುಸ್ತಕದಲ್ಲೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅಲ್ಲಿ ಅದು ಜೀವಕೋಶದ ಚಿತ್ರದಲ್ಲಿ ಕೂತಿರುತ್ತದೆ, ಬೆವರಿಗೂ ಅದಕ್ಕೂ ನಂಟು ಕಾಣಿಸುವುದಿಲ್ಲ.

ಪ್ರಯೋಗಾಲಯಕ್ಕೆ ಕೋಟಿಗಟ್ಟಲೆ ಬೇಕಲ್ಲ ಎನ್ನುವವರಿಗೆ ನಾನು ಚಾಮುಂಡಿ ಬೆಟ್ಟ ತೋರಿಸುತ್ತೇನೆ. ದೊಡ್ಡದೇವರಾಜ ಒಡೆಯರು ಕಟ್ಟಿಸಿದ ಸಾವಿರ ಮೆಟ್ಟಿಲು ಹದಿನೇಳನೇ ಶತಮಾನದಿಂದ ಅಲ್ಲೇ ಇವೆ. ಐವತ್ತು ಕಿಲೋ ತೂಗುವ ವಿದ್ಯಾರ್ಥಿ ಇನ್ನೂರು ಮೀಟರ್ ಎತ್ತರ ಹತ್ತಿದನೆಂದು ಇಟ್ಟುಕೊಳ್ಳಿ. ತೂಕ, ಗುರುತ್ವ, ಎತ್ತರ ಗುಣಿಸಿದರೆ 98,000 ಜೂಲ್, ಅಂದರೆ 23 ಕಿಲೊಕ್ಯಾಲರಿ ಚಿಲ್ಲರೆ. ಸ್ನಾಯು ತಾನು ಖರ್ಚು ಮಾಡುವ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ಹಚ್ಚುತ್ತದೆ, ಉಳಿದದ್ದು ಬಿಸಿ. ಹಾಗಾಗಿ ಮೈ ಖರ್ಚು ಮಾಡಿದ್ದು ನೂರರ ಆಸುಪಾಸು. ಬೆವರು ಸುರಿಯುವುದು ಏಕೆಂಬುದಕ್ಕೂ, ಬೆಟ್ಟ ಹತ್ತಿ ಬಂದು ಹೊಟ್ಟೆತುಂಬ ಮಸಾಲೆ ದೋಸೆ ತಿಂದವರ ತೂಕ ಇಳಿಯದೇ ಇರುವುದು ಏಕೆಂಬುದಕ್ಕೂ ಇದೇ ಲೆಕ್ಕ ಉತ್ತರ.

ಆಷಾಢ ಶುಕ್ರವಾರ ಮೆಟ್ಟಿಲು ಹತ್ತಿ ಇಳಿದವರನ್ನು ಶನಿವಾರ, ಭಾನುವಾರ ಮಾತಾಡಿಸಿ. ತೊಡೆ ಹಿಡಿದುಕೊಂಡು ಕೂರುತ್ತಾರೆ, ಏಳುತ್ತಾರೆ. ಹತ್ತಿದ್ದರಿಂದ ನೋವು ಎಂದುಕೊಳ್ಳುತ್ತಾರೆ. ಹೆಚ್ಚಿನ ಪಾಲು ಇಳಿದದ್ದರಿಂದ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಆಗ ಅದರ ಎಳೆಗಳಿಗೆ ಸೂಕ್ಷ್ಮವಾಗಿ ಪೆಟ್ಟಾಗಿ, ಒಂದರಿಂದ ಮೂರು ದಿನದೊಳಗೆ ನೋವು ಏರುತ್ತದೆ. ‘ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ’ ಎಂದು ಜಿಮ್‌ಗಳಲ್ಲಿ ಈಗಲೂ ಹೇಳುತ್ತಾರಲ್ಲ, ಅದು ತಪ್ಪು. ಲ್ಯಾಕ್ಟೇಟ್ ಒಂದು ಗಂಟೆಯ ಸುಮಾರಿಗೆ ರಕ್ತದಿಂದ ತೆರವಾಗಿಬಿಡುತ್ತದೆ, ಮಾರನೇ ದಿನದ ನೋವಿಗೆ ಅದನ್ನು ದೂರಿ ಫಲವಿಲ್ಲ.

ಇನ್ನೂ ಸುಲಭದ್ದು ಬೇಕೆ? ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಹನ್ನೆರಡು ನಿಮಿಷದ ಓಟದ ಪರೀಕ್ಷೆಗೆ ಬೇಕಾದ್ದು ಒಂದು ಮೈದಾನ, ಒಂದು ಗಡಿಯಾರ, ಒಂದು ಸೀಟಿ. ಓಡಿದ ಮೀಟರ್‌ನಿಂದ 504.9 ಕಳೆದು 44.73ರಿಂದ ಭಾಗಿಸಿ. ಇನ್ನೂರು ಮೀಟರ್ ಟ್ರ್ಯಾಕಿನಲ್ಲಿ ಹನ್ನೆರಡು ಸುತ್ತು ಮುಗಿಸಿದವನಿಗೆ 42 ಚಿಲ್ಲರೆ ಬರುತ್ತದೆ. ಅವನ ಮೈಯ ಒಂದೊಂದು ಕಿಲೋ ತೂಕ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಎಂಬುದರ ಅಂದಾಜು ಅದು. ಗಣಿತದ ಮೇಷ್ಟ್ರಿಗೂ ಇದರಲ್ಲಿ ಪಾಲಿದೆ. ಹಾಗೇ ಗುಂಡು ಎಸೆತ. 45 ಡಿಗ್ರಿಯಲ್ಲಿ ಎಸೆದರೆ ಅತಿ ದೂರ ಹೋಗುತ್ತದೆ ಎಂದು ಪಿಯುಸಿ ಭೌತಶಾಸ್ತ್ರ ಕಲಿಸುತ್ತದೆ. ಆದರೆ ಒಳ್ಳೆಯ ಎಸೆತಗಾರರು 35ರಿಂದ 40ರೊಳಗೇ ಬಿಡುತ್ತಾರೆ. ಗುಂಡು ನೆಲದಿಂದ ಹೊರಡುವುದಿಲ್ಲ, ಭುಜಕ್ಕೂ ಮೇಲಿನಿಂದ ಹೊರಡುತ್ತದೆ. ಅದೂ ಅಲ್ಲದೆ ಕೋನ ಕಡಿಮೆಯಾದಷ್ಟೂ ತೋಳಿಗೆ ಹೆಚ್ಚು ವೇಗ ಕೊಡಲು ಆಗುತ್ತದೆ. ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾ ಇದ್ದರೆ ಮಕ್ಕಳೇ ಅಳೆದು ನೋಡುತ್ತಾರೆ.

ಈಗ ನನಗೆ ಹೆಚ್ಚು ಮುಖ್ಯವಾದದ್ದಕ್ಕೆ ಬರುತ್ತೇನೆ. ಪದಕಕ್ಕಿಂತ ದೊಡ್ಡದು.

ಹೆಣ್ಣುಮಕ್ಕಳು ಎರಡು ಸುತ್ತಿಗೇ ಸುಸ್ತಾಗಿ ಕೂತರೆ ನಮ್ಮಲ್ಲಿ ಬರುವ ಮಾತು ‘ಸೋಮಾರಿ’, ‘ನಾಟಕ’. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ (2019–21) ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ. ನೂರರಲ್ಲಿ ಐವತ್ತೊಂಬತ್ತು! ಹಿಮೋಗ್ಲೋಬಿನ್ 12 ಗ್ರಾಂಗಿಂತ ಕೆಳಗಿರುವ ಹುಡುಗಿಯ ರಕ್ತ ಸ್ನಾಯುವಿಗೆ ಸಾಕಷ್ಟು ಆಮ್ಲಜನಕ ಮುಟ್ಟಿಸಲಾರದು. ಅವಳ ಎದೆ ಹೆಚ್ಚು ಬಡಿದು ಆ ಕೊರತೆ ತುಂಬಿಸಲು ನೋಡುತ್ತದೆ, ಆಗದೆ ಅವಳು ಕೂರುತ್ತಾಳೆ. ಇದು ಸೋಮಾರಿತನ ಹೇಗಾದೀತು? ಕ್ರೀಡಾ ವಿಜ್ಞಾನದ ತರಗತಿಯಲ್ಲಿ ಮಕ್ಕಳು ತಮ್ಮ ನಾಡಿ ತಾವೇ ಎಣಿಸಿ ಬರೆದಿಟ್ಟುಕೊಂಡರೆ ಇಂಥವರು ಕಣ್ಣಿಗೆ ಬೀಳುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬಹುದು. ಊಟದ ಜತೆಗೇ ಟೀ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಹೀರಿಕೊಳ್ಳುವುದಿಲ್ಲ, ಸೊಪ್ಪಿನ ಮೇಲೆ ನಿಂಬೆ ಹಿಂಡಿದರೆ ಚೆನ್ನಾಗಿ ಹೀರಿಕೊಳ್ಳುತ್ತದೆ ಎಂಬುದು ಮನೆಗೂ ಹೋಗುವ ಪಾಠ. ಮುಟ್ಟಿನ ದಿನಗಳಲ್ಲಿ ಆಡಬಹುದೇ, ಬೇಡವೇ ಎಂಬುದನ್ನು ಹುಡುಗಿಯರು ಈಗ ಅಕ್ಕಪಕ್ಕದವರ ಪಿಸುಮಾತಿನಿಂದ ಕಲಿಯುತ್ತಿದ್ದಾರೆ. ಅದು ಪುಸ್ತಕದಲ್ಲಿ ನೇರವಾಗಿ ಬರಲಿ.

ಮಂಡಿಯ ವಿಷಯವೂ ಅಷ್ಟೇ. ಹಾರಿ ಇಳಿಯುವ, ತಟ್ಟನೆ ತಿರುಗುವ ಆಟಗಳಲ್ಲಿ ಮಂಡಿಯೊಳಗಿನ ಎಸಿಎಲ್ ಎಂಬ ಕಟ್ಟು ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಹಲವು ಪಟ್ಟು ಹೆಚ್ಚು. ಇಳಿಯುವಾಗ ಮಂಡಿ ಒಳಕ್ಕೆ ಬಾಗದಂತೆ ಕಲಿಸುವ ವಾರ್ಮ್ ಅಪ್ ಕ್ರಮಗಳಿವೆ. ಫುಟ್‌ಬಾಲ್‌ನವರು ಬಳಸುವ ಫಿಫಾ 11+ ಅಂಥದ್ದೊಂದು, ಇಪ್ಪತ್ತು ನಿಮಿಷದ್ದು, ವಿಶೇಷ ಉಪಕರಣ ಬೇಡ. ಇದನ್ನು ಕಬಡ್ಡಿಗೆ, ಖೋ ಖೋಗೆ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ನಮ್ಮಲ್ಲಿ ನಡೆಯುವುದೇನು? ಕಾಲು ಉಳುಕಿದ ತಕ್ಷಣ ಯಾರೋ ಒಬ್ಬರು ಬಿಸಿ ಎಣ್ಣೆ ಹಚ್ಚಿ ಗಟ್ಟಿಯಾಗಿ ನೀವುತ್ತಾರೆ. ಒಳಗೆ ರಕ್ತ ಒಸರುತ್ತಿರುವ ಹೊತ್ತಿನಲ್ಲಿ ಬಿಸಿ, ನೀವಿಕೆ ಎರಡೂ ಊತ ಹೆಚ್ಚಿಸುತ್ತವೆ. ಹಚ್ಚುವವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಮೊದಲೆರಡು ದಿನ ಅವರ ಕೈಯನ್ನು ದೂರ ಇಟ್ಟರೆ ಸಾಕು.

ನಡುವೆ ಒಂದು ಮಾತು. ನಮ್ಮ ಶಾಲೆಗಳಲ್ಲಿ ವ್ಯಾಯಾಮವನ್ನು ಮಕ್ಕಳು ಮೊದಲು ಕಲಿಯುವುದೇ ಶಿಕ್ಷೆಯಾಗಿ. ಹೋಂವರ್ಕ್ ಮಾಡಿಲ್ಲವೇ, ಬಸ್ಕಿ ಹೊಡಿ. ತಡವಾಗಿ ಬಂದೆಯಾ, ಗ್ರೌಂಡ್ ಸುತ್ತು. ಅದೇ ಮೈಸೂರಿನ ಗರಡಿಗಳಲ್ಲಿ ವಸ್ತಾದರು ಹುಡುಗನಿಗೆ ಬಸ್ಕಿಯ ಎಣಿಕೆಯನ್ನು ವಾರದಿಂದ ವಾರಕ್ಕೆ ಏರಿಸುತ್ತ ಹೋಗುತ್ತಿದ್ದರು, ಮೈ ಕಾದ ಮೇಲಷ್ಟೇ ಮಣ್ಣಿಗೆ ಇಳಿಸುತ್ತಿದ್ದರು. ತರಬೇತಿಯ ವಿಜ್ಞಾನ ಹೇಳುವ ಹಂತಹಂತದ ಭಾರ ಇದೇ ತಾನೆ? ದಸರೆಯ ನಾಡಕುಸ್ತಿಯನ್ನು ದೇವರಾಜ ಅರಸು ಕ್ರೀಡಾಂಗಣದಲ್ಲಿ ಪ್ರತಿವರ್ಷ ನೋಡಿ ಚಪ್ಪಾಳೆ ತಟ್ಟುವ ನಾವು ಆ ತಿಳಿವಳಿಕೆಯನ್ನು ಗರಡಿಯ ಬಾಗಿಲಲ್ಲೇ ಬಿಟ್ಟು ಶಾಲೆಗೆ ಬಂದೆವು, ಬರುವಾಗ ಬಸ್ಕಿಯನ್ನು ಮಾತ್ರ ತಂದೆವು.

2025ರ ಜೂನ್, ಜುಲೈಯಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಬೆಳಗಿನ ಜಾವದಿಂದಲೇ ಸಾಲುಗಟ್ಟಿದ್ದರು. ಇಸಿಜಿ ಎಂದರೆ ಏನು, ಅದು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂದು ಆ ಸಾಲಿನಲ್ಲಿದ್ದವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ಅವರೆಲ್ಲ ಎಸ್‌ಎಸ್‌ಎಲ್‌ಸಿ ಫೇಲಾದವರಲ್ಲ. ಡಿಗ್ರಿ ಮಾಡಿದವರೂ ಇದ್ದರು. ಇನ್ನೊಂದು ಕಡೆ, ಮಂಡ್ಯದಂಥ ಊರಿನಲ್ಲೂ ಜಿಮ್‌ಗಳು ಹೆಚ್ಚುತ್ತಿವೆ. ಹದಿನೇಳು ವರ್ಷದ ಹೈದ ಡಬ್ಬದ ಮೇಲಿನ ಚಿತ್ರ ನೋಡಿ ಪ್ರೋಟೀನ್ ಪುಡಿ ಕೊಳ್ಳುತ್ತಾನೆ. ಇಂಜೆಕ್ಷನ್ ತಗೋ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಬೇಡ ಎನ್ನಲು ಅವನ ಬಳಿ ಕಾರಣ ಇಲ್ಲ. ಶಾಲೆ ಆ ಕಾರಣವನ್ನು ಅವನಿಗೆ ಕೊಡಬಹುದಿತ್ತು.

ತಕರಾರುಗಳು ನನಗೂ ಗೊತ್ತು. ‘ಬುಡಿ ಮೇಡಂ, ಆಟ ಆಡ್ಕಂಡಿದ್ರೆ ಹೊಟ್ಟೆ ತುಂಬ್ತದಾ?’ ಎಂದು ಕೇಳುವ ಅಪ್ಪಂದಿರೊಡನೆ ಮಾತಾಡಿಯೇ ನನ್ನ ಸೇವೆ ಮುಗಿದಿದೆ. ಅವರ ಪ್ರಶ್ನೆ ನ್ಯಾಯವಾದದ್ದು. ಕಬ್ಬಿನ ಬಾಕಿಗೆ ಕಾಯುವ ಮನೆಯವರಿಗೆ ಮಗಳ ಓದು ಉದ್ಯೋಗಕ್ಕೆ ದಾರಿಯಾಗಬೇಕು. ಫಿಸಿಯೊಥೆರಪಿ, ತರಬೇತಿ, ದೈಹಿಕ ಶಿಕ್ಷಣ, ಪೌಷ್ಟಿಕತಜ್ಞತೆ, ಫಿಟ್‌ನೆಸ್ ಕೇಂದ್ರಗಳು, ಹೀಗೆ ದಾರಿಗಳಿವೆ. ಆದರೆ ಈ ವಿಷಯ ಕಲಾ ವಿಭಾಗದ ಮೂಲೆಯಲ್ಲಿ ಕೂತರೆ ಅವು ತೆರೆಯುವುದಿಲ್ಲ. ಜೀವಶಾಸ್ತ್ರದ ಜತೆಗೆ ತೆಗೆದುಕೊಳ್ಳಬಹುದಾದ ಸಂಯೋಜನೆ ಇರಲೇಬೇಕು. ಇದು ನನ್ನ ಪತ್ರದ ಒಂದೇ ಒಂದು ಹಟದ ಮಾತು.

ಇನ್ನೊಂದು ತಕರಾರು ನನ್ನದೇ. ಸಿಬಿಎಸ್‌ಇಯಲ್ಲಿ ಈ ವಿಷಯಕ್ಕೆ ‘ಸ್ಕೋರಿಂಗ್ ಸಬ್ಜೆಕ್ಟ್’ ಎಂಬ ಹೆಸರು ಬಿದ್ದಿದೆ. ಮೈದಾನಕ್ಕೆ ಕಾಲಿಡದೆ ಗೈಡ್ ಓದಿ 95 ತೆಗೆಯುವವರಿದ್ದಾರೆ. ನಮ್ಮಲ್ಲೂ ಹಾಗಾದರೆ ಈಜನ್ನು ಪುಸ್ತಕದಲ್ಲಿ ಕಲಿಸಿದಂತಾಗುತ್ತದೆ, ಅದಕ್ಕಿಂತ ಇಲ್ಲದಿರುವುದೇ ಲೇಸು. ಪ್ರಾಯೋಗಿಕದ ಪಾಲು ಅರ್ಧಕ್ಕೆ ಹತ್ತಿರವಿರಲಿ. ಆಟಗಳ ಪಟ್ಟಿಯಲ್ಲಿ ಬಾಸ್ಕೆಟ್‌ಬಾಲ್ ಜತೆಗೆ ಖೋ ಖೋ, ಕಬಡ್ಡಿ, ಕುಸ್ತಿ ಸಮವಾಗಿರಲಿ. ಅಂಗವೈಕಲ್ಯ ಇರುವ ಮಕ್ಕಳಿಗೆ ಬೇರೆ ಬಗೆಯ ಪ್ರಾಯೋಗಿಕ ಇರಲಿ, ವಿನಾಯಿತಿ ಎಂಬ ಹೆಸರಿನಲ್ಲಿ ಅವರನ್ನು ಮರದ ಕೆಳಗೆ ಕೂರಿಸುವುದು ಬೇಡ. ಯೋಗವೂ ಇರಲಿ. ಮೈಸೂರು ಯೋಗಗುರು ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಕಲಿಸಿದ ಊರು, ಅಲ್ಲಿನ ಗೋಕುಲಂ ಬಡಾವಣೆಗೆ ಇವತ್ತಿಗೂ ಹೊರದೇಶದವರು ದುಡ್ಡು ಕೊಟ್ಟು ಕಲಿಯಲು ಬರುತ್ತಾರೆ. ಆದರೆ ಪ್ರಾಣಾಯಾಮದಿಂದ ಇಂಥ ಕಾಯಿಲೆ ಗುಣ ಎಂದು ಉರು ಹೊಡೆಸುವ ಬದಲು, ಪ್ರಾಣಾಯಾಮಕ್ಕೆ ಮುಂಚೆ ಮತ್ತು ಆಮೇಲೆ ನಾಡಿ ಎಣಿಸಿ ಬರೆಯಲು ಹೇಳಿ.

ಕಲಿಸುವವರು ಯಾರು? ಇಲ್ಲಿಯೇ ಮೈಸೂರಿನ ಪುಣ್ಯ ಇರುವುದು. ವಿಶ್ವವಿದ್ಯಾನಿಲಯದಲ್ಲಿ ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಜ್ಞಾನದ ಅಧ್ಯಯನ ವಿಭಾಗ ಇದೆ. ಶಿಕ್ಷಕರ ತರಬೇತಿಗೆ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಇಲ್ಲೇ ಇದೆ. ಆಹಾರದ ವಿಜ್ಞಾನಕ್ಕೆ 1950ರಿಂದ ಸಿಎಫ್‌ಟಿಆರ್‌ಐ ಇದೆ, ಸೈನಿಕರ ಊಟದ ಬಗ್ಗೆ ಸಂಶೋಧನೆ ನಡೆಸುತ್ತ ಬಂದ, ಹಿಂದೆ ಡಿಎಫ್‌ಆರ್‌ಎಲ್ ಎನ್ನುತ್ತಿದ್ದ ರಕ್ಷಣಾ ಪ್ರಯೋಗಾಲಯ ಇದೆ. 1924ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು ಇದೆ. ಚಾಮುಂಡಿ ವಿಹಾರ ಕ್ರೀಡಾಂಗಣ ಇದೆ, ಮಂಡ್ಯದಲ್ಲಿ ಸರ್ ಎಂ.ವಿ. ಕ್ರೀಡಾಂಗಣ ಇದೆ. ಇಷ್ಟೆಲ್ಲ ಒಂದು ಗಂಟೆಯ ಬಸ್ ಹಾದಿಯೊಳಗೆ ಇದ್ದೂ ಇವುಗಳ ನಡುವೆ ಒಂದು ಹೈಸ್ಕೂಲು ಪಾಠ ಹುಟ್ಟಿಲ್ಲ.

ನಮ್ಮ ದೈಹಿಕ ಶಿಕ್ಷಣ ಶಿಕ್ಷಕರಿಗೂ ಬೇಸಿಗೆ ರಜೆಯಲ್ಲಿ ತರಬೇತಿ ಕೊಟ್ಟರೆ ಒಂಬತ್ತು, ಹತ್ತನೇ ತರಗತಿಯ ಬುನಾದಿಯನ್ನು ಧಾರಾಳವಾಗಿ ನಡೆಸುತ್ತಾರೆ. ಅವರಲ್ಲಿ ಎಂಪಿಎಡ್ ಎಂಬ ದೈಹಿಕ ಶಿಕ್ಷಣದ ಸ್ನಾತಕೋತ್ತರ ಪದವಿ ಮಾಡಿದವರಿದ್ದಾರೆ, ಓದಿದ್ದು ಮರೆಯುವಷ್ಟು ವರ್ಷ ಬೆಲ್ ಹೊಡೆಸಿ, ಪ್ರಾರ್ಥನೆಯ ಸಾಲು ನಿಲ್ಲಿಸಿ ಇಟ್ಟಿದ್ದೇವೆ. ದೈಹಿಕ ಶಿಕ್ಷಣ ಶಿಕ್ಷಕರ ಕುರಿತ ವೈದ್ಯನಾಥನ್ ವರದಿ ಜಾರಿ ಮಾಡಿ ಎಂದು ಅವರು ಎಷ್ಟು ವರ್ಷದಿಂದ ಕೇಳುತ್ತಿದ್ದಾರೆ ಎಂಬುದು ತಮ್ಮ ಕಡತಗಳಲ್ಲೇ ಇದೆ. ಆ ಚರ್ಚೆಯನ್ನು ಇಲ್ಲಿ ಬೆಳೆಸುವುದಿಲ್ಲ. ಪಿ.ಟಿ. ಪಿರಿಯಡ್‌ಗೆ ಮಾತ್ರ ರಕ್ಷಣೆ ಬೇಕು. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಒಂದೂ ಮೈದಾನದ್ದಲ್ಲವಾದ್ದರಿಂದ, ಜಿಲ್ಲೆಗೆ ಎಷ್ಟನೇ ಸ್ಥಾನ ಎಂಬ ಪೈಪೋಟಿ ಶುರುವಾದ ಕೂಡಲೇ ಅದು ಗಣಿತಕ್ಕೋ ವಿಜ್ಞಾನಕ್ಕೋ ಹೋಗಿಬಿಡುತ್ತದೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಅಷ್ಟು ಸಿಕ್ಕಿದರೂ ಪುಣ್ಯ ಎನ್ನುವ ಹತ್ತನೇ ತರಗತಿಗಳನ್ನು ತಾವು ಯಾವ ಜಿಲ್ಲೆಗೆ ಹೋದರೂ ನೋಡಬಹುದು.

ಹಾಗಾಗಿ ಮೊದಲ ಹೆಜ್ಜೆಯಾಗಿ ಪಠ್ಯ ರಚನೆಗೆ ಒಂದು ಸಮಿತಿ ಮಾಡಿ. ಅದರಲ್ಲಿ ಪ್ರಾಧ್ಯಾಪಕರು, ವೈದ್ಯರು ಇರಲಿ. ಜತೆಗೆ ಹಳ್ಳಿಯಲ್ಲಿ ಖೋ ಖೋ ಕಲಿಸುವ ತರಬೇತುದಾರರೊಬ್ಬರು, ಗರಡಿಯ ವಸ್ತಾದರೊಬ್ಬರು, ಮಂಡಿ ಆಪರೇಷನ್ ಆದ ಆಟಗಾರ್ತಿಯೊಬ್ಬಳು ಇರಲಿ. ಪುಸ್ತಕ ಮೊದಲು ಕನ್ನಡದಲ್ಲಿ ಬರೆಯಿಸಿ, ಆಮೇಲೆ ಇಂಗ್ಲಿಷಿಗೆ ಹೋಗಲಿ. ಸಮಿತಿಯ ಮೊದಲ ಸಭೆ ಬೆಂಗಳೂರಿನಲ್ಲಿ ಬೇಡ. ಕುರುಬೂರಿನ ಅಂಕಣದ ಪಕ್ಕದಲ್ಲಿ, ಮಕ್ಕಳು ಅಭ್ಯಾಸ ಮಾಡುವ ಹೊತ್ತಿಗೆ ಕರೆಯಿರಿ. ಸದಸ್ಯರ ಪ್ರಯಾಣ ಭತ್ಯೆಯ ಬಿಲ್ಲು ಸ್ವಲ್ಪ ಹೆಚ್ಚಾಗಬಹುದು, ಅದನ್ನು ಮಂಜೂರು ಮಾಡುವ ಅಧಿಕಾರ ತಮಗಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ,
ಮಂಡ್ಯ ಜಿಲ್ಲೆ